ವಾಟ್ ಅರುಣ್ ಮುಂದೆ ತೆಗೆಸಿಕೊಂಡ ಫೋಟೋದಲ್ಲಿ ಏನೇನಿದೆ?

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರನ್ನು ವೀಸಾ ಇಲ್ಲದೆ ಬಿಟ್ಟುಕೊಳ್ಳಲು ಶುರು ಮಾಡಿತು. ಆಮೇಲೆ ನಮ್ಮ ಬೀದಿಯಲ್ಲೇ ಬ್ಯಾಂಕಾಕ್‌ಗೆ ಹೋಗಿಬಂದ ಮನೆಗಳು ಮೂರು ನಾಲ್ಕಾದವು. ಹೋದವರ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಮಿರಮಿರ ಮಿಂಚುವ ರೇಷ್ಮೆ, ಒಂದೇ ಭುಜದಿಂದ ಹಿಂದಕ್ಕೆ ಇಳಿಬಿಟ್ಟ ಶಲ್ಯ, ಸೊಂಟಕ್ಕೆ ಡಾಬು, ತೋಳಿಗೆ ವಂಕಿ, ಹಿಂದೆ ಬೆಳ್ಳಗೆ ನಿಂತ ಎತ್ತರದ ಗೋಪುರ.

ಹೋದ ತಿಂಗಳು ನಮ್ಮ ಅಕ್ಕನ ಮಗಳೂ ಅಂಥದ್ದೊಂದು ಕಳಿಸಿದಳು. ಮನೆಯವರ ಗ್ರೂಪಿನಲ್ಲಿ ಪ್ರಶ್ನೆಯೋ ಪ್ರಶ್ನೆ. ಇದು ಅವರ ಸೀರೆನಾ? ಹಿಂದೆ ಇರೋದು ದೇವಸ್ಥಾನನಾ, ಅರಮನೆನಾ? ಅಮ್ಮ ಮಾತ್ರ ಫೋಟೋ ದೊಡ್ಡದು ಮಾಡಿ ನೋಡಿ, "ಗೋಡೆ ಮೇಲೆ ತಟ್ಟೆ ಅಂಟಿಸಿದ ಹಾಗಿದೆಯಲ್ಲ" ಅಂದರು.

ಅಮ್ಮ ನೋಡಿದ್ದು ಸರಿ. ಅವು ತಟ್ಟೆಗಳೇ, ಅದೂ ಚೀನಾದಿಂದ ಬಂದ ತಟ್ಟೆಗಳು. ಆ ಒಂದು ಫೋಟೋವನ್ನೇ ಇಟ್ಟುಕೊಂಡು ಥಾಯ್ ಜನರ ಕಟ್ಟಡ, ಬಟ್ಟೆ, ಕುಣಿತ ಮೂರನ್ನೂ ಅರ್ಥ ಮಾಡಿಕೊಳ್ಳಬಹುದು. ಚೀನಾ ಅದರೊಳಗೆ ಎಲ್ಲಿ ಬಂತು ಅನ್ನೋದೂ ತಿಳಿಯುತ್ತದೆ.

ಮೊದಲು ಆ ಗೋಪುರ

ಫೋಟೋದ ಗೋಪುರ ಬ್ಯಾಂಕಾಕ್‌ನ ವಾಟ್ ಅರುಣ್‌ನದು. ವಾಟ್ ಅಂದರೆ ಬೌದ್ಧರ ದೇವಾಲಯ, ಭಿಕ್ಷುಗಳ ವಸತಿ ಎಲ್ಲ ಸೇರಿದ ಇಡೀ ಆವರಣ. ಒಂದು ಕಟ್ಟಡದ ಹೆಸರಲ್ಲ. ನಮ್ಮಲ್ಲಿ 'ಮಠ' ಅಂದಾಗ ಗುಡಿ, ಗುರುಗಳ ನಿವಾಸ, ಊಟದ ಮನೆ ಎಲ್ಲ ಸೇರುತ್ತದಲ್ವಾ, ಹಾಗೆ. ಅರುಣ್ ಅಂದರೆ ನಮ್ಮ ಅರುಣನೇ, ಸೂರ್ಯನ ಸಾರಥಿ. ಹಾಗಾಗಿ ವಾಟ್ ಅರುಣ್ ಅಂದರೆ ಬೆಳಗಿನ ದೇವಾಲಯ. ಚಾವೊ ಫ್ರಾಯಾ ನದಿಯ ಪಶ್ಚಿಮ ದಡದಲ್ಲಿದೆ. ಥಾಯ್ಲೆಂಡಿನ 10 ಬಾತ್ ನಾಣ್ಯದ ಮೇಲೂ ಇದೇ ಗೋಪುರ.

ಈ ಗೋಪುರಕ್ಕೆ ಪ್ರಾಂಗ್ ಅನ್ನುತ್ತಾರೆ. ಮುಸುಕಿನ ಜೋಳದ ತೆನೆ ನೆಟ್ಟಗೆ ನಿಲ್ಲಿಸಿದ ಆಕಾರ. ಇದು ಕಾಂಬೋಡಿಯಾದ ಖ್ಮೇರ್ ಜನರಿಂದ ಬಂದದ್ದು. ಅಂಗ್ಕೋರ್ ವಾಟ್‌ನ ಗೋಪುರಗಳನ್ನು ನೆನಪಿಸಿಕೊಳ್ಳಿ, ಅದರ ಮೈ ತೆಳ್ಳಗಾದರೆ ಪ್ರಾಂಗ್. ಥಾಯ್ ದೇವಾಲಯಗಳಲ್ಲಿ ಇನ್ನೊಂದು ಬಗೆಯ ಗೋಪುರವೂ ಕಾಣುತ್ತದೆ. ಗಂಟೆ ಬೋರಲು ಹಾಕಿದ ಹಾಗಿದ್ದು ಮೇಲೆ ಸೂಜಿಯಾಗುವುದು. ಅದು ಚೇದಿ, ನಮ್ಮ 'ಚೈತ್ಯ' ಶಬ್ದವೇ ಹಾಗಾಗಿದೆ. ತೆನೆಯಂತಿದ್ದರೆ ಪ್ರಾಂಗ್, ಗಂಟೆಯಂತಿದ್ದರೆ ಚೇದಿ. ಇಷ್ಟು ಗೊತ್ತಿದ್ದರೆ ಬ್ಯಾಂಕಾಕ್‌ನಲ್ಲಿ ಅರ್ಧ ಕೆಲಸ ಮುಗಿಯಿತು.

ನಡುವಿನ ದೊಡ್ಡ ಪ್ರಾಂಗ್ ಮೇರು ಪರ್ವತ. ನಾಲ್ಕು ಮೂಲೆಗೆ ನಾಲ್ಕು ಚಿಕ್ಕವು. ದೊಡ್ಡದರ ಗೂಡುಗಳಲ್ಲಿ ಐರಾವತದ ಮೇಲೆ ಕೂತ ಇಂದ್ರ, ಚಿಕ್ಕವುಗಳಲ್ಲಿ ಕುದುರೆಯ ಮೇಲೆ ವಾಯು. ಕೆಳಗೆ ಸಾಲುಸಾಲಾಗಿ ಯಕ್ಷರೂ ಕಪಿಗಳೂ ಇಡೀ ಗೋಪುರವನ್ನು ಕೈಯೆತ್ತಿ ಹೊತ್ತುಕೊಂಡಿವೆ. ತುದಿಯಲ್ಲಿ ಶಿವನ ತ್ರಿಶೂಲದಿಂದ ಬಂದ ಲೋಹದ ಶೂಲ. ಬೌದ್ಧರ ಜಾಗದಲ್ಲಿ ಇವರೆಲ್ಲ ಯಾಕೆ? ಇಂದ್ರ ಬೌದ್ಧ ಕಥೆಗಳಲ್ಲೂ ಬರುವ ದೇವರು, ಅದು ಒಂದು. ಇನ್ನೊಂದು, ಸಯಾಮಿನ (ಥಾಯ್ಲೆಂಡಿನ ಹಳೇ ಹೆಸರು) ಅರಸರು ಖ್ಮೇರ್ ಆಸ್ಥಾನದ ಪದ್ಧತಿಯನ್ನು ಬ್ರಾಹ್ಮಣ ಪುರೋಹಿತರ ಸಮೇತ ತಮ್ಮದು ಮಾಡಿಕೊಂಡರು. ಬ್ಯಾಂಕಾಕ್‌ನಲ್ಲಿ 1784ರಲ್ಲಿ ಕಟ್ಟಿದ 'ದೇವಸಥಾನ್' ಅನ್ನೋ ಬ್ರಾಹ್ಮಣರ ಗುಡಿ ಈಗಲೂ ಇದೆ. ಹೆಸರು ಕೇಳಿದರೆ ನಮ್ಮೂರಿನದೇ ಅನ್ನಿಸುತ್ತದೆ.

ಇಲ್ಲಿ ದೇವಾಲಯ ಮೊದಲೇ ಇತ್ತು. ಆದರೆ ಈಗ ಕಾಣುವ, 60 ಮೀಟರಿಗೂ ಮೀರಿದ ಈ ಗೋಪುರದ ಕೆಲಸ ಶುರುವಾಗಿದ್ದು ಎರಡನೇ ರಾಮನ ಕಾಲದಲ್ಲಿ, ಮುಗಿದದ್ದು 1824ರಿಂದ 1851ರವರೆಗೆ ಆಳಿದ ಮೂರನೇ ರಾಮನ ಕಾಲದಲ್ಲಿ. ರಾಮ ಅನ್ನೋದು ಈಗಿನ ಚಕ್ರಿ ವಂಶದ ರಾಜರನ್ನು ಲೆಕ್ಕ ಹಿಡಿಯುವ ಹೆಸರು. ಆ ಮೂರನೇ ರಾಮನ ಹೆಸರು ನೆನಪಿಟ್ಟುಕೊಳ್ಳಿ, ತಟ್ಟೆಗಳ ಕಥೆ ಅವನದೇ.

ಗೋಡೆ ಮೇಲೆ ತಟ್ಟೆ ಯಾಕೆ

ಮೂರನೇ ರಾಮ ರಾಜನಾಗುವ ಮೊದಲು ತಂದೆಯ ಆಡಳಿತದಲ್ಲಿ ಚೀನಾ ವ್ಯಾಪಾರ ನೋಡಿಕೊಳ್ಳುತ್ತಿದ್ದ. ತಂದೆ ಅವನನ್ನು 'ಚಾವೊ ಸುವಾ' ಅಂತ ಕರೆಯುತ್ತಿದ್ದರಂತೆ. ಚೀನೀ ಸಾಹುಕಾರ ಅಂತ ಅದರ ಅರ್ಥ. ಸಯಾಮಿನಿಂದ ಅಕ್ಕಿ, ಮರ, ಮಸಾಲೆ ಹೇರಿಕೊಂಡು ಹಡಗುಗಳು ಚೀನಾಕ್ಕೆ ಹೋಗುತ್ತಿದ್ದವು. ಹೋಗುವಾಗ ಭಾರ ತುಂಬಿರುತ್ತಿತ್ತು. ಬರುವಾಗ ರೇಷ್ಮೆಯಂಥ ಹಗುರ ಸಾಮಾನು. ಖಾಲಿ ಕೊಡ ನೀರಿನಲ್ಲಿ ಹೊರಳಾಡುತ್ತದೆ, ಅರ್ಧ ತುಂಬಿದ ಕೊಡ ನೆಟ್ಟಗೆ ತೇಲುತ್ತದೆ, ಕೆರೆಗೆ ಹೋದವರಿಗೆಲ್ಲ ಇದು ಗೊತ್ತು. ಹಡಗೂ ಹಾಗೇ. ತಳದಲ್ಲಿ ತೂಕ ಇರಲೇಬೇಕು. ಆ ತೂಕಕ್ಕಾಗಿ ಪಿಂಗಾಣಿ ತಟ್ಟೆ ಬಟ್ಟಲುಗಳನ್ನೂ ಕಲ್ಲಿನ ಬೊಂಬೆಗಳನ್ನೂ ತುಂಬಿಕೊಂಡು ಬಂದರು ಅಂತ ಹೇಳುತ್ತಾರೆ. ನದಿಯಾಚೆಗಿನ ವಾಟ್ ಫೋ ದೇವಾಲಯದ ಬಾಗಿಲುಗಳಲ್ಲಿ ಚೀನೀ ಯೋಧರ ದೊಡ್ಡ ಕಲ್ಲಿನ ವಿಗ್ರಹಗಳು ನಿಂತಿವೆ. ಕೆಲವಕ್ಕೆ ಯುರೋಪಿನವರ ಹಾಗೆ ಎತ್ತರದ ಟೋಪಿಯೂ ಇದೆ. ಅವೂ ಹೀಗೇ ಸಮುದ್ರ ದಾಟಿ ಬಂದವು.

ಗೋಡೆಯ ಹತ್ತಿರ ಹೋಗಿ ನೋಡಿದರೆ ಕೆಲಸಗಾರರ ಜಾಣ್ಮೆ ಕಾಣುತ್ತದೆ. ಒಂದು ಪುಟ್ಟ ತಟ್ಟೆಯನ್ನೋ ಬಟ್ಟಲನ್ನೋ ಇಡಿಯಾಗಿ ಗಾರೆಯಲ್ಲಿ ಒತ್ತಿದ್ದಾರೆ. ಅದು ಹೂವಿನ ನಡುಭಾಗ. ಅದರ ಸುತ್ತ ಬೇರೆ ತಟ್ಟೆಗಳಿಂದ ದಳದ ಆಕಾರಕ್ಕೆ ಕತ್ತರಿಸಿದ ಚೂರುಗಳು. ಚಪ್ಪಟೆ ಟೈಲ್ಸ್ ತಂದು ಇದನ್ನು ಮಾಡಿದ್ದರೆ ಹೂವು ಚಪ್ಪಟೆಯಾಗೇ ಇರುತ್ತಿತ್ತು. ತಟ್ಟೆಯ ಅಂಚಿನಲ್ಲಿ ಮೊದಲೇ ಒಂದು ಬಾಗು ಇರುತ್ತದಲ್ಲ, ಆ ಬಾಗು ದಳಕ್ಕೆ ಬಂದುಬಿಡುತ್ತದೆ. ಹಾಗಾಗಿ ಹೂವು ಅರಳಿದ ಹಾಗೇ ಕಾಣುತ್ತದೆ. ನೀಲಿ ಗೆರೆ ಇದ್ದ ಚೂರು ದಳದ ನರವಾಗುತ್ತದೆ, ಹಸಿರು ಚೂರು ಎಲೆಯಾಗುತ್ತದೆ. ನಡುನಡುವೆ ಸಮುದ್ರದ ಚಿಪ್ಪುಗಳೂ ಇವೆ. ಬೆಳಗಿನ ಬಿಸಿಲು ಬಿದ್ದಾಗ ಗೋಪುರ ಪೂರ್ತಿ ಮಿನುಗುವುದು ಈ ಹೊಳಪಿನಿಂದ.

ನಮ್ಮ ಹಳೇ ಮನೆಗಳ ತಾರಸಿಯ ಮೇಲೆ ನೀರು ಇಳಿಯದಿರಲಿ ಅಂತ ಒಡೆದ ಟೈಲ್ಸ್ ಚೂರುಗಳನ್ನು ಹಾಸಿರುತ್ತಾರೆ. ಅದೇ ಉಪಾಯ ಇಲ್ಲಿ ಅಲಂಕಾರವಾಗಿದೆ. ಈ ಕಸುಬು ಮೂಲತಃ ದಕ್ಷಿಣ ಚೀನಾದ್ದು. ಫುಜಿಯಾನ್ ಮತ್ತು ತಿಯೊಚೂ ಕಡೆಯ ದೇವಾಲಯಗಳ ಚಾವಣಿಯ ಮೇಲೆ ಡ್ರ್ಯಾಗನ್, ಹುಂಜ, ಹೂವುಗಳನ್ನು ಪಿಂಗಾಣಿ ಚೂರಿನಲ್ಲೇ ಮಾಡುತ್ತಾರೆ. ಅವರ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ 'ಕತ್ತರಿಸಿ ಅಂಟಿಸು'. ಬ್ಯಾಂಕಾಕ್‌ನಲ್ಲಿ ನೆಲೆಸಿದ ಚೀನೀಯರಲ್ಲಿ ತಿಯೊಚೂ ಜನರೇ ಜಾಸ್ತಿ. 1767ರಲ್ಲಿ ಹಳೇ ರಾಜಧಾನಿ ಅಯುತ್ಥಯ (ನಮ್ಮ ಅಯೋಧ್ಯೆಯ ಹೆಸರೇ) ಬರ್ಮಾದವರ ಕೈಗೆ ಬಿದ್ದು ಸುಟ್ಟುಹೋದ ಮೇಲೆ ದೇಶವನ್ನು ಮತ್ತೆ ಕಟ್ಟಿದ ರಾಜ ತಾಕ್ಸಿನ್‌ನ ತಂದೆಯೂ ತಿಯೊಚೂ ಮೂಲದವರು.

ಮೂರನೇ ರಾಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೆಲವು ದೇವಾಲಯಗಳ ಚಾವಣಿಯನ್ನೇ ಬದಲಾಯಿಸಿದ. ಥಾಯ್ ಚಾವಣಿಯ ಮರದ ಕೆತ್ತನೆ ಮಳೆಗೆ ಬೇಗ ಹಾಳಾಗುತ್ತದೆ. ಅದನ್ನು ತೆಗೆದು, ಗಾರೆ ಮತ್ತು ಪಿಂಗಾಣಿಯಲ್ಲಿ ಹೂವು, ಡ್ರ್ಯಾಗನ್ ಮಾಡಿಸಿದ. ಬ್ಯಾಂಕಾಕ್‌ನ ಪಶ್ಚಿಮ ಭಾಗವಾದ ಥೋನ್‌ಬುರಿಯ ವಾಟ್ ರಾಚ ಒರಸಾರಾಮ್ ಇದರ ಮೊದಲ ಮಾದರಿ. ವಾಟ್ ಅರುಣ್ ಗೋಪುರಕ್ಕೆ 2013ರಿಂದ 2017ರವರೆಗೆ ದೊಡ್ಡ ರಿಪೇರಿ ನಡೆಯಿತು. ಕಳಚಿದ ಚೂರುಗಳ ಜಾಗಕ್ಕೆ ಹೊಸವು ಬಂದವು. ಗೋಪುರ ಮೊದಲಿಗಿಂತ ಬೆಳ್ಳಗಾಯಿತು, ಹಳೇ ಬಣ್ಣ ಹೋಯಿತು ಅಂತ ಅಲ್ಲಿನವರಲ್ಲಿ ಅನೇಕರು ಬೇಸರಪಟ್ಟರು. ಹಳೇ ಫೋಟೋ, ಹೊಸ ಫೋಟೋ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅವರ ಬೇಸರ ಅರ್ಥವಾಗುತ್ತದೆ.

ನಕ್ಷೆ ಸಯಾಮಿನದು, ಕೆಲಸ ಬೇರೆಯವರದು

ಚೀನಾದಿಂದ ಬಂದದ್ದೆಲ್ಲ ಸುಮ್ನೆ ತೂಕಕ್ಕೆ ಹಾಕಿದ ಪಾತ್ರೆಗಳಲ್ಲ. ಆಸ್ಥಾನಕ್ಕೆ ಬೇಕಾದ ಒಳ್ಳೆಯ ಪಾತ್ರೆಗಳನ್ನು ಸಯಾಮಿನವರು ತಮ್ಮ ಚಿತ್ರಗಳನ್ನು ಕೊಟ್ಟು ಚೀನಾದಲ್ಲಿ ಮಾಡಿಸುತ್ತಿದ್ದರು. ಅವಕ್ಕೆ ಬೆಂಜರೊಂಗ್ ಅಂತ ಹೆಸರು. ಜೋರಾಗಿ ಎರಡು ಸಲ ಹೇಳಿ ನೋಡಿ, 'ಪಂಚರಂಗ' ಕೇಳಿಸುತ್ತದೆ. ಪಿಂಗಾಣಿ ಚೀನಾದ್ದು, ಅದರ ಮೇಲೆ ಕೈಮುಗಿದ ದೇವತೆಗಳೂ ಬಳ್ಳಿಗಳೂ ಸಯಾಮಿನವು.

ಬಟ್ಟೆಯಲ್ಲೂ ಇದೇ ನಡೆಯಿತು, ಆದರೆ ಅಲ್ಲಿ ಕೆಲಸ ಮಾಡಿದವರು ನಮ್ಮವರು. 'ಫಾ ಲಾಯ್ ಯಾಂಗ್' ಅಂದರೆ ಮಾದರಿ ಕೊಟ್ಟು ಮಾಡಿಸಿದ ಬಟ್ಟೆ. ನಕ್ಷೆಯನ್ನು ಹಡಗಿನಲ್ಲಿ ಭಾರತದ ಕೋರಮಂಡಲ ತೀರಕ್ಕೆ ಕಳಿಸಿ, ಅಲ್ಲಿನ ಬಣ್ಣಗಾರರ ಕೈಲಿ ಹತ್ತಿ ಬಟ್ಟೆಯ ಮೇಲೆ ಬರೆಸಿ, ಅಚ್ಚು ಹಾಕಿಸಿ ತರಿಸಿಕೊಳ್ಳುತ್ತಿದ್ದರು. ಅರಸರು ಅಧಿಕಾರಿಗಳಿಗೆ ಕೊಡುತ್ತಿದ್ದ ಬಟ್ಟೆಯ ನಕ್ಷೆ ನೋಡಿದರೆ ಅವರ ದರ್ಜೆ ತಿಳಿಯುತ್ತಿತ್ತು. ಪೊಲೀಸರ ಭುಜದ ನಕ್ಷತ್ರದ ಹಾಗೆ. ಈ ಜಾತಿಯ ಹಳೇ ಬಟ್ಟೆಗಳನ್ನು ನೋಡಬೇಕು ಅಂದರೆ ಬ್ಯಾಂಕಾಕ್‌ನ ಅರಮನೆಯ ಆವರಣದಲ್ಲೇ 2012ರಲ್ಲಿ ತೆರೆದ ರಾಣಿ ಸಿರಿಕಿತ್ ಜವಳಿ ವಸ್ತುಸಂಗ್ರಹಾಲಯದ ಕಡೆ ಒಮ್ಮೆ ಹೋಗಿ. ಹೆಚ್ಚಿನ ಪ್ರವಾಸಿಗರು ಅದರ ಬಾಗಿಲು ದಾಟಿಕೊಂಡೇ ಹೋಗುತ್ತಾರೆ, ಒಳಗೆ ಇಣುಕುವುದಿಲ್ಲ. ನನಗೆ ಅದು ತುಂಬಾ ಸಂಕಟದ ವಿಷಯ.

ಉಡುವುದು ಬೇರೆ, ತೊಡುವುದು ಬೇರೆ

ಈಗ ಬಟ್ಟೆಗೆ ಬರೋಣ. ಕನ್ನಡದಲ್ಲಿ ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ. ಈ ಎರಡು ಮಾತಿನಲ್ಲೇ ಥಾಯ್ ಮತ್ತು ಚೀನೀ ಬಟ್ಟೆಗಳ ವ್ಯತ್ಯಾಸ ಇದೆ. ಹಳೇ ಥಾಯ್ ಬಟ್ಟೆ ಉಡುವಂಥದ್ದು. ಕತ್ತರಿ ಹಾಕದ ಉದ್ದನೆಯ ಬಟ್ಟೆಯನ್ನು ಮೈಗೆ ಸುತ್ತಿಕೊಳ್ಳುವುದು. ಸೆಕೆಯ ದೇಶಕ್ಕೆ ಅದು ಸರಿ. ಚೀನೀ ಬಟ್ಟೆ ತೊಡುವಂಥದ್ದು. ಕತ್ತರಿಸಿ, ತೋಳು ಇಟ್ಟು, ಕಾಲರ್ ಹೊಲಿದ ಬಟ್ಟೆ.

ಥಾಯ್ ಉಡುಗೆಯಲ್ಲಿ ನಮಗೆ ತಕ್ಷಣ ಗುರುತು ಸಿಗುವುದು ಚೊಂಗ್ ಕ್ರಬೇನ್. ಸುಮಾರು ಮೂರು ಮೀಟರ್ ಉದ್ದದ ಬಟ್ಟೆ. ಅದನ್ನು ಹಿಂದಿನಿಂದ ಸುತ್ತಿ ಎರಡು ತುದಿಗಳನ್ನೂ ಮುಂದೆ ಸಮ ಮಾಡಿ ಹಿಡಿಯಬೇಕು. ಸೊಂಟದ ಹತ್ತಿರ ಬಿಗಿಯಾಗಿ ಸಿಕ್ಕಿಸಬೇಕು. ಉಳಿದ ಎರಡು ಅಂಚನ್ನು ಒಟ್ಟಿಗೆ ಹಗ್ಗದ ಹಾಗೆ ಸುರುಳಿ ಸುತ್ತಿ, ಕಾಲುಗಳ ನಡುವಿನಿಂದ ಹಿಂದಕ್ಕೆ ಎಳೆದು, ಬೆನ್ನ ಕೆಳಗೆ ಸಿಕ್ಕಿಸಬೇಕು. ಕಚ್ಚೆಯೇ ಅಲ್ವಾ! ನಾವು ನೆರಿಗೆ ಹಿಡಿದು ಸಿಕ್ಕಿಸುತ್ತೇವೆ, ಅವರು ಸುರುಳಿ ಸುತ್ತುತ್ತಾರೆ, ಅಷ್ಟೇ. ಹಾಗಾಗಿ ಅದು ಮುಂದಿನಿಂದ ಉಬ್ಬಿದ ಚಡ್ಡಿಯ ಹಾಗೆ ಕಾಣುತ್ತದೆ. ಗಂಡಸರೂ ಹೆಂಗಸರೂ ಉಡುತ್ತಿದ್ದರು. ಉತ್ತರ ಕರ್ನಾಟಕದ ಕಚ್ಚೆ ಸೀರೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಎದೆಯ ಮೇಲೆ ಸುತ್ತಿ ಒಂದು ಭುಜದಿಂದ ಹಿಂದಕ್ಕೆ ಇಳಿಬಿಡುವ ಪಟ್ಟಿ ಸಬಾಯ್. ಸೊಂಟಕ್ಕೆ ಸುತ್ತುವ ಬಟ್ಟೆ ಫಾ ನುಂಗ್. ಉತ್ತರ ಮತ್ತು ಈಶಾನ್ಯದ ಹೆಂಗಸರದು ಫಾ ಸಿನ್, ಎರಡು ಅಂಚು ಸೇರಿಸಿ ಹೊಲಿದ ಲುಂಗಿಯಂಥದ್ದು. ಅದರ ಭಾಗಗಳಿಗೆ ತಲೆ, ಮೈ, ಕಾಲು ಅಂತಲೇ ಹೆಸರು. ನಮ್ಮ ಸೀರೆಯ ಮೈ, ಅಂಚು, ಸೆರಗು ಇದ್ದ ಹಾಗೆ. ಈಶಾನ್ಯದ ಮುದ್‌ಮೀ ರೇಷ್ಮೆಯಲ್ಲಿ ನೇಯುವ ಮೊದಲೇ ನೂಲಿಗೆ ಅಲ್ಲಲ್ಲಿ ಗಂಟು ಕಟ್ಟಿ ಬಣ್ಣ ಹಾಕುತ್ತಾರೆ, ಪೋಚಂಪಳ್ಳಿ ಸೀರೆಯ ಹಾಗೆ.

ಹಾಗಾದರೆ ಫೋಟೋದಲ್ಲಿರುವುದು ಯಾವುದು? ಅದು ಹಳೇದೂ ಹೌದು, ಹೊಸದೂ ಹೌದು. 1939ರಲ್ಲಿ ಸಯಾಮ್ ಥಾಯ್ಲೆಂಡ್ ಆಯಿತು. ಆಗ ಪ್ರಧಾನಿಯಾಗಿದ್ದ ಫಿಬುನ್ ದೇಶ ಆಧುನಿಕವಾಗಿ ಕಾಣಬೇಕು ಅಂತ 1942ರವರೆಗೆ ಒಟ್ಟು 12 ಆಜ್ಞೆಗಳನ್ನು ಹೊರಡಿಸಿದರು. 1941ರದ್ದು ಬಟ್ಟೆಯ ಬಗ್ಗೆ. ಸುತ್ತಿಕೊಂಡ ಬಟ್ಟೆಯಲ್ಲಿ ಹೊರಗೆ ಬರಬಾರದು, ಹೊಲಿದ ಬಟ್ಟೆ ಹಾಕಬೇಕು. ಹೀಗೆ ಚೊಂಗ್ ಕ್ರಬೇನ್ ಬೀದಿಯಿಂದ ಮರೆಯಾಗುತ್ತಾ ಹೋಯಿತು. 1960ರಲ್ಲಿ ರಾಜ ಭೂಮಿಬೋಲ್ ಜೊತೆ ಅಮೆರಿಕ ಮತ್ತು ಯುರೋಪಿಗೆ ಹೊರಟಾಗ ರಾಣಿ ಸಿರಿಕಿತ್‌ಗೆ ತೊಂದರೆ ಎದುರಾಯಿತು. ಇದು ನಮ್ಮ ದೇಶದ ಬಟ್ಟೆ ಅಂತ ಉಟ್ಟುಕೊಂಡು ಹೋಗಲು ಎಲ್ಲರೂ ಒಪ್ಪಿದ ಒಂದು ಉಡುಗೆ ಇರಲಿಲ್ಲ. ಹಳೇ ಆಸ್ಥಾನದ ಉಡುಪುಗಳನ್ನು ತಿಳಿದವರ ಹತ್ತಿರ ಅಧ್ಯಯನ ಮಾಡಿಸಿ, ಈಗಿನ ಕಾಲಕ್ಕೆ ಹೊಂದುವಂತೆ ಹೊಲಿಸಿದರು. ಅದರಿಂದ ಹುಟ್ಟಿದ್ದೇ 'ಚುಟ್ ಥಾಯ್' ಅನ್ನೋ ಎಂಟು ಬಗೆಯ ಉಡುಪು. ಚಕ್ರಿ, ದುಸಿತ್, ಅಮರಿನ್, ಚಿತ್ರಲದಾ ಹೀಗೆ ಹೆಚ್ಚಿನವಕ್ಕೆ ಅರಮನೆ, ಸಭಾಂಗಣಗಳ ಹೆಸರು.

ಬಾಡಿಗೆ ಅಂಗಡಿಯಲ್ಲಿ ಜಾಸ್ತಿ ಸಿಗುವುದು ಚಕ್ರಿ ಬಗೆ. ಮುಂದೆ ನೆರಿಗೆ, ಮೇಲೆ ಸಬಾಯ್. ನೆರಿಗೆಯನ್ನು ಮೊದಲೇ ಹೊಲಿದು ಹುಕ್ ಇಟ್ಟಿರುತ್ತಾರೆ, ರೆಡಿಮೇಡ್ ಸೀರೆಯ ಹಾಗೆ. ಅಕ್ಕನ ಮಗಳಿಗೆ ಉಡಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲವಂತೆ. ಈ ಖಯಾಲಿ ಪ್ರವಾಸಿಗರಿಂದ ಬಂದದ್ದು ಅಂದುಕೊಳ್ಳಬೇಡಿ. 2018ರಲ್ಲಿ ಅಯುತ್ಥಯ ಕಾಲದ ಕಥೆಯ ಒಂದು ಟಿವಿ ಧಾರಾವಾಹಿ ಅಲ್ಲಿ ಮನೆಮಾತಾಯಿತು. ಥಾಯ್ ಹುಡುಗ ಹುಡುಗಿಯರೇ ಹಳೇ ಉಡುಪಿನಲ್ಲಿ ದೇವಾಲಯಗಳಿಗೆ ಬರತೊಡಗಿದರು.

ಬಣ್ಣದ ವಿಷಯವೂ ಹೇಳಿಬಿಡುತ್ತೇನೆ. ಅವರಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಬಣ್ಣ. ಭಾನುವಾರ ಕೆಂಪು, ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು, ಗುರುವಾರ ಕಿತ್ತಳೆ, ಶುಕ್ರವಾರ ನೀಲಿ, ಶನಿವಾರ ನೇರಳೆ. ವಾರಗಳ ಹೆಸರು ಕೇಳಿ: ಆತಿತ್, ಚನ್, ಅಂಗ್‌ಖಾನ್, ಫುಟ್, ಫರೂಹಟ್, ಸುಕ್, ಸಾವ್. ಆದಿತ್ಯ, ಚಂದ್ರ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನಿ. ನಮ್ಮ ನವಗ್ರಹಗಳಲ್ಲಿ ರಾಹು ಕೇತು ಬಿಟ್ಟು ಉಳಿದ ಏಳೂ ಸರದಿಯಲ್ಲೇ ಇವೆ.

ಕುತ್ತಿಗೆ ನೋಡಿ ಹೇಳಿ

ಬ್ಯಾಂಕಾಕ್‌ನ ಚೈನಾಟೌನ್ ಯಾವರಾತ್ ಬೀದಿಯಲ್ಲಿ ಚೀನೀ ಹೊಸವರ್ಷಕ್ಕೆ ಎಲ್ಲೆಲ್ಲೂ ಕೆಂಪು ಬಟ್ಟೆ. ಮೈಗಂಟಿದ, ಎತ್ತರದ ಕಾಲರ್ ಇರುವ, ಪಕ್ಕದಲ್ಲಿ ಸೀಳು ಬಿಟ್ಟ ಆ ಗೌನನ್ನು ಥಾಯ್ ಉಡುಪು ಅಂತ ಅನೇಕರು ಬರೆದುಕೊಳ್ಳುತ್ತಾರೆ. ಅದು ಚೀಪಾವ್. 1644ರಿಂದ 1912ರವರೆಗೆ ಚೀನಾವನ್ನು ಆಳಿದ ಮಂಚೂ ಜನರ ಉದ್ದನೆಯ ನಿಲುವಂಗಿ ಅದರ ಮೂಲ. 1920ರ ದಶಕದಲ್ಲಿ ಶಾಂಘಾಯ್‌ನ ದರ್ಜಿಗಳು ಅದನ್ನು ಬಿಗಿ ಮಾಡಿ ಈಗಿನ ರೂಪಕ್ಕೆ ತಂದರು. ಗುಂಡಿಯ ಬದಲು ಬಟ್ಟೆಯ ದಾರವನ್ನೇ ಗಂಟು ಹಾಕಿ ಮಾಡಿದ ಹೂವಿನಂಥ ಗುಂಡಿ ಇರುತ್ತದೆ.

ಹಾನ್‌ಫು ಇದಕ್ಕಿಂತ ಹಳೇದು. ಮಂಚೂಗಳಿಗೆ ಮೊದಲು ಹಾನ್ ಚೀನೀಯರು ತೊಡುತ್ತಿದ್ದ ಸಡಿಲ ಬಟ್ಟೆ. ಹಸುಗೂಸಿಗೆ ತೊಡಿಸಿ ಪಕ್ಕಕ್ಕೆ ದಾರ ಕಟ್ಟುವ ಅಂಗಿ ಇದೆಯಲ್ಲ, ಹಾಗೆ ಎದೆಯ ಮೇಲೆ ಒಂದರ ಮೇಲೊಂದು ಬರುವ ಕಾಲರ್. ತೊಟ್ಟವರ ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಸತ್ತವರಿಗೆ ತೊಡಿಸುವ ಕ್ರಮ. ಚೀನಾದಲ್ಲಿ ಬಾಡಿಗೆಗೆ ತೊಟ್ಟರೆ ಇದೊಂದನ್ನು ಮರೆಯಬೇಡಿ.

ಚಾವಣಿ

ಥಾಯ್ ದೇವಾಲಯದ ಚಾವಣಿ ಕಡಿದಾಗಿ, ಒಂದರ ಮೇಲೊಂದು ಹೊದಿಸಿದ ಹಾಗೆ ಎರಡು ಮೂರು ಪದರವಾಗಿ ಇಳಿಯುತ್ತದೆ. ಜೋರು ಮಳೆಯ ನೀರು ನಿಲ್ಲದೆ ಹರಿಯಲಿ ಅಂತ. ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಬಾಗಿ ಮೇಲೆದ್ದ ಕೊಂಬು ಚೋಫಾ. ಅಂಚಿನುದ್ದಕ್ಕೂ ನಾಗರದ ಮೈ ಇಳಿದು ಕೆಳಗೆ ಹೆಡೆ ಎತ್ತುತ್ತದೆ. ಮುಖ್ಯ ಮಂದಿರದ ಸುತ್ತ ಎಂಟು ಕಲ್ಲು ನೆಟ್ಟಿರುತ್ತಾರೆ, ಅವು 'ಸೇಮಾ'. ನಮ್ಮ ಸೀಮೆ.

ಚೀನೀ ಚಾವಣಿಯ ವಿಶೇಷ ಅದರ ಕೆಳಗಿದೆ. ಕಂಬದ ತಲೆಯ ಮೇಲೆ ಮರದ ತುಂಡುಗಳನ್ನು ಅಡ್ಡ ಉದ್ದ ಜೋಡಿಸಿ, ಅಂಗೈ ಅಗಲಿಸಿ ಬುಟ್ಟಿ ಹೊತ್ತ ಹಾಗೆ ಸೂರನ್ನು ಹೊರಿಸುತ್ತಾರೆ. ಇದಕ್ಕೆ ದೌಗೊಂಗ್ ಅಂತ ಹೆಸರು. ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಮೊಳೆಯ ಹಂಗಿಲ್ಲ. ಭಾರವೆಲ್ಲ ಕಂಬದ ಮೇಲೆ, ಗೋಡೆ ಬರೀ ಮರೆಗೆ. ಭೂಮಿ ನಡುಗಿದಾಗ ಆ ಕೀಲುಗಳು ಸ್ವಲ್ಪ ಅಲುಗಿ ಪೆಟ್ಟನ್ನು ತಿಂದುಕೊಳ್ಳುತ್ತವೆ. ಶಾಂಕ್ಸಿ ಪ್ರಾಂತ್ಯದಲ್ಲಿ 1056ರಲ್ಲಿ ಕಟ್ಟಿದ, ಸುಮಾರು 67 ಮೀಟರ್ ಎತ್ತರದ ಮರದ ಗೋಪುರ ಇಂದಿಗೂ ನಿಂತಿದೆ. ಯಾವರಾತ್ ಹತ್ತಿರ 1871ರಲ್ಲಿ ಶುರುವಾದ ವಾಟ್ ಮಂಗ್ಕೊನ್ ಚೀನೀ ದೇವಾಲಯಕ್ಕೆ ಹೋದರೆ ನಡುವೆ ತೆರೆದ ಅಂಗಳ, ಸುತ್ತ ಮಂಟಪ. ನಮ್ಮ ತೊಟ್ಟಿ ಮನೆಯ ಲೆಕ್ಕ.

ಬಾಗಿಲಲ್ಲಿ ನಿಂತವನು ರಾವಣ

ವಾಟ್ ಅರುಣ್ ಬಾಗಿಲಲ್ಲಿ ಕೋರೆಹಲ್ಲಿನ ಎರಡು ದೊಡ್ಡ ಯಕ್ಷರು ಗದೆ ಊರಿ ನಿಂತಿದ್ದಾರೆ. ಬಿಳಿಯವನು ಸಹಸ್ಸದೇಚ, ಅವರ ರಾಮಾಯಣದ ಒಬ್ಬ ರಕ್ಕಸ. ಹಸಿರಿನವನು ತೊಸಕಾನ್, ಅಂದರೆ ದಶಕಂಠ, ನಮ್ಮ ರಾವಣ. ಅವರ ಮೈಯೂ ಪಿಂಗಾಣಿ ಚೂರೇ. ಮುಖ ಮತ್ತು ಕಿರೀಟ ಮಾತ್ರ ಖೋನ್ ಮೇಳದಿಂದ ಇಳಿದು ಬಂದ ಹಾಗಿವೆ.

ಖೋನ್ ಅವರ ಮುಖವಾಡದ ಕುಣಿತ, 2018ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಕಥೆ ರಾಮಕಿಯೆನ್, ಅವರ ರಾಮಾಯಣ. ರಕ್ಕಸರಿಗೂ ಕಪಿಗಳಿಗೂ ಮುಖವಾಡ, ರಾಮ ಸೀತೆಯರಿಗೆ ಈಗ ಬರೀ ಕಿರೀಟ. ಕಾಗದವನ್ನು ಪದರ ಪದರವಾಗಿ ಅಚ್ಚಿನ ಮೇಲೆ ಅಂಟಿಸಿ ಮುಖವಾಡ ಮಾಡುತ್ತಾರೆ. ರಾವಣನ ಹತ್ತು ತಲೆ ಅಕ್ಕಪಕ್ಕ ಇರುವುದಿಲ್ಲ, ಕಿರೀಟದ ಮೇಲೆ ಅಂತಸ್ತು ಅಂತಸ್ತಾಗಿ ಏರುತ್ತವೆ. ಯಕ್ಷಗಾನದಲ್ಲಿ ವೇಷಧಾರಿಯೇ ಅರ್ಥ ಹೇಳುತ್ತಾನೆ, ಇಲ್ಲಿ ಪಾತ್ರಧಾರಿ ತುಟಿ ಬಿಚ್ಚುವುದಿಲ್ಲ. ಪಕ್ಕದಲ್ಲಿ ಕೂತ ನಿರೂಪಕರು ಮಾತಾಡುತ್ತಾರೆ, ಇವನು ಕೈ, ಕಾಲು, ಕುತ್ತಿಗೆಯಲ್ಲೇ ಉತ್ತರ ಕೊಡಬೇಕು. ಅವರ ಹನುಮಂತ ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯುತ್ತಿದ್ದ, ರಾವಣನ ಮಗಳಾದ ಚಿನ್ನದ ಮತ್ಸ್ಯಕನ್ಯೆಯನ್ನೇ ಒಲಿಸಿಕೊಳ್ಳುತ್ತಾನೆ. ನಮಗೆ ಮೊದಲು ಕಸಿವಿಸಿ ಆಗಬಹುದು, ಅವರಿಗೆ ಅದು ತುಂಬಾ ಮೆಚ್ಚಿನ ಭಾಗ.

ಬ್ಯಾಂಕಾಕ್‌ನಲ್ಲಿ 1933ರಲ್ಲಿ ತೆರೆದ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದಲ್ಲಿ ಖೋನ್ ಆಡುತ್ತಾರೆ. ಅರಮನೆಯಿಂದ ದೂರವೇನಿಲ್ಲ. ಅರಮನೆಯ ಟಿಕೆಟ್ಟಿನ ಜೊತೆಗೇ ಆ ಪ್ರದರ್ಶನವನ್ನೂ ಸೇರಿಸಿ ಕೊಡುವ ರೂಢಿ ಇದೆ. ಟಿಕೆಟ್ ತಗೊಳ್ಳುವಾಗ ಕೌಂಟರಿನಲ್ಲಿ ಒಂದು ಮಾತು ಕೇಳಿ. ನಮ್ಮ ಅಕ್ಕನ ಮಗಳ ಟಿಕೆಟ್ಟಿನಲ್ಲೂ ಅದು ಇತ್ತು, ಊರಿಗೆ ಬಂದು ಪರ್ಸ್ ಖಾಲಿ ಮಾಡುವಾಗ ಕಣ್ಣಿಗೆ ಬಿತ್ತು.